ಕೊಬ್ಬರಿ ಬುಕ್ ಆದದ್ದು ಕಡೂರಿಂದ

ನಮ್ಮ ಮಾವನವರ ಎದುರು ಬಾಯಿ ತಪ್ಪಿ ಒಂದು ಇಂಗ್ಲಿಷ್ ಪದ ಆಡಿದವರು ಯಾರೂ ಆ ದಿನ ತಮ್ಮ ಬಸ್ಸು ಹಿಡಿದದ್ದಿಲ್ಲ. ಇದು ಅತಿಯಾಯಿತು ಎನ್ನುವವರು ಸಖರಾಯಪಟ್ಟಣದ ನಮ್ಮ ನೆಂಟರೊಬ್ಬರನ್ನು ಕೇಳಬಹುದು. ಅವರು ಕಡೂರು ಸಂತೆಗೆ ಬಂದವರು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಮ್ಮ ಮನೆ ಜಗಲಿಯ ಮೇಲೆ ಕೂತರು. ನಾನು ಏನು ಕುಡೀತೀರಿ ಎಂದೆ. ಪಾಪ, ಅವರು "ಟೀ ಸಾಕು ಕಣಮ್ಮಾ" ಎಂದುಬಿಟ್ಟರು.

ಮಾವನವರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಹಡಗಲ್ಲಿ ಬಂದದ್ದು ಬೇಕೋ, ರಸ್ತೇಲಿ ಬಂದದ್ದು ಬೇಕೋ?"

"ಯಾವುದಾದ್ರೂ ಸರಿ ಸ್ವಾಮೀ, ಸಕ್ಕರೆ ಒಂಚೂರು ಕಮ್ಮಿ ಇರ್ಲಿ."

ಅಲ್ಲಿಗೆ ಮುಗಿಯಿತು. ಟೀ ಎಂಬ ಪದ ಚೀನಾದ ಕರಾವಳಿಯಲ್ಲಿ ಹಡಗು ಹತ್ತಿ ಇಂಗ್ಲಿಷಿಗೆ ಹೋಯಿತು, ಚಾ ಎಂಬ ಪದ ಅದೇ ಚೀನಾದಿಂದ ನೆಲದ ದಾರಿಯಲ್ಲಿ ನಡೆದು ಬಂತು, ಎರಡೂ ಅಕ್ಕತಂಗಿಯರು, ಒಬ್ಬಳನ್ನು ಸಮುದ್ರಕ್ಕೆ ಕೊಟ್ಟರು ಒಬ್ಬಳನ್ನು ಮರಳುಗಾಡಿಗೆ ಕೊಟ್ಟರು ಎಂದು ಮಾವನವರು ವಿವರಿಸಿ ಮುಗಿಸುವ ಹೊತ್ತಿಗೆ ಮೊದಲನೇ ಬಸ್ಸು ಹೋಯಿತು. ಸಕ್ಕರೆ ಹೇಗೆ ಅರಬರ ಕೈ ದಾಟಿ ಶುಗರ್ ಆಯಿತು ಎನ್ನುವಷ್ಟರಲ್ಲಿ ಕೊನೇ ಬಸ್ಸೂ ಹೋಯಿತು. ಆ ನೆಂಟರು ನಮ್ಮಲ್ಲೇ ಮುದ್ದೆ ಉಂಡು ಮಲಗಿದರು. ಬೆಳಿಗ್ಗೆ ಎದ್ದು ಕಾಫಿ ಕೊಡಲೇ ಎಂದರೆ ಗಾಬರಿಯಾಗಿ, "ಬ್ಯಾಡ ತಾಯಿ, ನೀರು ಕೊಡು, ನೀರಿಗೆ ಯಾವ ಊರೂ ಇಲ್ಲ ತಾನೇ?" ಎಂದು ಪಿಸುಗುಟ್ಟಿದರು.

ಮಾವನವರು ಮೇಷ್ಟರಲ್ಲ, ಪಂಡಿತರೂ ಅಲ್ಲ. ರೈಲ್ವೆಯಲ್ಲಿ ಪಾರ್ಸಲ್ ಗುಮಾಸ್ತರು. ಅಜ್ಜಂಪುರದಲ್ಲಿ ಕೆಲವು ವರ್ಷ, ತರೀಕೆರೆಯಲ್ಲಿ ಕೆಲವು ವರ್ಷ, ಕೊನೆಗೆ ಕಡೂರಿನಲ್ಲಿ ಕೆಲಸ ಮಾಡಿ, ನಾನು ಸೊಸೆಯಾಗಿ ಬಂದ ಮರುವರ್ಷ ನಿವೃತ್ತಿಯಾದರು. ಅದು ಎಪ್ಪತ್ತರ ದಶಕದ ಮಧ್ಯಭಾಗ. ಅತ್ತೆಯವರು ನಾನು ಬರುವ ಮೊದಲೇ ಶಿವನ ಪಾದ ಸೇರಿದ್ದರು. ಮನೆಯಲ್ಲಿ ಮಾವನವರು, ತಾಲ್ಲೂಕು ಆಫೀಸಿಗೆ ಹೋಗುತ್ತಿದ್ದ ನಮ್ಮ ಮನೆಯವರು, ಇನ್ನೂ ಹೈಸ್ಕೂಲಿನಲ್ಲಿದ್ದ ನನ್ನ ನಾದಿನಿ ಪುಟ್ಟಿ. ಇಷ್ಟೇ ಸಂಸಾರ.

ಮೂವತ್ತು ವರ್ಷ ಬುಟ್ಟಿ, ಮೂಟೆ, ಪೆಟ್ಟಿಗೆಗಳ ಮೇಲೆ ಎಲ್ಲಿಂದ, ಎಲ್ಲಿಗೆ ಎಂದು ಚೀಟಿ ಅಂಟಿಸಿದ ಮನುಷ್ಯ. ಚೀಟಿಯಿಲ್ಲದ ಸಾಮಾನು ಕಂಡರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹೀಗಿರುವಾಗ ಅಜ್ಜಂಪುರದಲ್ಲಿ, ಯಾರೂ ಬಿಡಿಸಿಕೊಳ್ಳದೆ ಬಿದ್ದಿದ್ದ ಪಾರ್ಸಲ್ಲುಗಳನ್ನು ಹರಾಜು ಹಾಕಿದಾಗ ಅವರ ಪಾಲಿಗೆ ಬಂದದ್ದು ಮಣೆಯಷ್ಟು ದಪ್ಪದ ಒಂದು ಇಂಗ್ಲಿಷ್ ಡಿಕ್ಷನರಿ. ಪ್ರತಿಯೊಂದು ಪದದ ಕೊನೆಯಲ್ಲೂ ಅದು ಯಾವ ಭಾಷೆಯಿಂದ ಬಂತು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಮಾವನವರಿಗೆ ರೋಮಾಂಚನ. ಇಡೀ ಇಂಗ್ಲಿಷ್ ಭಾಷೆ ಅವರ ಕಣ್ಣಿಗೆ ಒಂದು ದೊಡ್ಡ ಗೂಡ್ಸ್ ಶೆಡ್ಡಿನಂತೆ ಕಂಡಿತಂತೆ. ಎಲ್ಲವೂ ಬೇರೆ ಊರಿನ ಮಾಲು, ಎಲ್ಲದಕ್ಕೂ ಚೀಟಿ! ವಿಚಿತ್ರವೆಂದರೆ ಅಷ್ಟು ಪದಗಳ ಊರು ಹೇಳುವ ಆ ಪುಸ್ತಕದ ಸ್ವಂತ ಚೀಟಿ ಮಾತ್ರ ಹರಿದುಹೋಗಿತ್ತು. ಅದು ಎಲ್ಲಿಂದ ಬಂತೋ ಯಾರಿಗೆ ಹೋಗಬೇಕಿತ್ತೋ ದೇವರಿಗೇ ಗೊತ್ತು.

ಇನ್ನೊಂದು ಊನವೂ ಇತ್ತು. ಗೂಡ್ಸ್ ಶೆಡ್ಡಿನ ಹೆಗ್ಗಣವೊಂದು ಬಿ ಅಕ್ಷರದ ಹಾಳೆಗಳನ್ನು ಪೂರ್ತಿ ತಿಂದು ತೇಗಿತ್ತು. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ಬ್ಯಾಂಡಿಕೂಟ್. ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ, ಎಂದು ಆಂಧ್ರದ ಗಾರ್ಡೊಬ್ಬರು ಹೇಳುವವರೆಗೂ ಮಾವನವರಿಗೆ ತಿಳಿದಿರಲಿಲ್ಲ. "ತನ್ನ ಊರಿನ ಚೀಟೀನ ತಾನೇ ತಿಂದ್ಕಂಡೈತೆ ನೋಡಮ್ಮಾ, ಇದಕ್ಕಿಂತ ಕಳ್ಳಬುದ್ಧಿ ಉಂಟಾ?" ಎನ್ನುತ್ತಿದ್ದರು. ಬಿ ಅಕ್ಷರದ ಉಳಿದ ಪದಗಳಿಗೆ ಅವರೇ ಊರು ಗೊತ್ತುಮಾಡಿದರು. ಬ್ಯಾಂಬೂ ಲಿಂಗದಹಳ್ಳಿಯದು, ಏಕೆಂದರೆ ಬಿದಿರಿನ ಬುಟ್ಟಿಗಳು ಅಲ್ಲಿಂದ ಬರುತ್ತಿದ್ದವು. ಬಂಗ್ಲೋ ತರೀಕೆರೆಯದು, ಏಕೆಂದರೆ ಅವರು ಮೊದಲು ನೋಡಿದ ಬಂಗಲೆ ಅಲ್ಲಿಯದು. ಆ ಪದ ತಮ್ಮದೆನ್ನುವ ಬಂಗಾಳದವರು ಬೇಸರಪಟ್ಟುಕೊಳ್ಳಬಾರದು.

ಸಂಜೆ ದೀಪ ಹಚ್ಚಿ, ನಾನು ವಿಭೂತಿ ಇಟ್ಟುಕೊಂಡು ಹೊರಗೆ ಬರುವ ಹೊತ್ತಿಗೆ ಜಗಲಿಯ ಮೇಲೆ ಅಪ್ಪಮಗಳ ಪಾರ್ಸಲ್ ಆಫೀಸು ತೆರೆಯುತ್ತಿತ್ತು. ಮಾವನವರು ಪದ ಹೇಳಬೇಕು, ಪುಟ್ಟಿ ಎಲ್ಲಿಂದ ಬುಕ್ ಆಯಿತು, ಯಾವ ದಾರಿಯಲ್ಲಿ ಬಂತು ಎಂದು ಹೇಳಬೇಕು.

"ಅಂಬ್ರೆಲಾ?"

"ಇಟಲಿ. ಪುಟ್ಟ ನೆರಳು ಅಂತ ಅರ್ಥ."

"ಜಗ್ಗರ್‌ನಾಟ್?"

"ಪುರಿ. ನಮ್ಮ ಜಗನ್ನಾಥ."

"ಅಲ್ಲಿ ಹೋಗಿ ಏನಾಗವ್ನೆ?"

"ದೊಡ್ಡ ಲಾರಿ ಆಗವ್ನೆ ಅಪ್ಪಾ."

ಆ ಹುಡುಗಿಗೆ ಬೀಜಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಮ್ಮೆ ಸೊನ್ನೆ ತಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಮಾವನವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಮಾಧಾನ ಮಾಡಿದರು. "ಆಲ್ಜೀಬ್ರಾ ಅಂದ್ರೆ ಹೆದರಬ್ಯಾಡ ಕಣವ್ವಾ. ಅರಬರ ಪದ ಅದು. ಮುರಿದದ್ದನ್ನ ಕೂಡಿಸೋದು ಅಂತ. ಮೂಳೆ ಕೂಡಿಸೋರಿಗೂ ಅದೇ ಮಾತಂತೆ."

"ಕೂಡಿಸೋದಲ್ಲಪ್ಪಾ, ನಂಗೆ ಮೂಳೆ ಮುರೀತಾ ಐತೆ" ಎಂದಳು ಅಳುತ್ತಲೇ. ಆಮೇಲೆ ಇಬ್ಬರೂ ನಕ್ಕರು. ಲೆಕ್ಕ ಹಾಗೆಯೇ ಉಳಿಯಿತು.

ನನ್ನನ್ನೂ ಬಿಡುತ್ತಿರಲಿಲ್ಲ. ರೋಬಾಟ್ ಎಂದರೆ ಬಿಟ್ಟಿ ಚಾಕರಿ ಮಾಡುವವನು, ಅದು ಯುರೋಪಿನ ಯಾವುದೋ ಸಣ್ಣ ದೇಶದ ಪದ ಎಂದು ಒಂದು ದಿನ ಹೇಳಿದರು. "ಸರಿಯಾಗಿ ನೋಡಿ ಮಾವ, ಅದು ಬುಕ್ ಆಗಿರೋದು ನಮ್ಮ ಅಡುಗೆಮನೆಯಿಂದ್ಲೇ ಇರಬೇಕು" ಎಂದೆ ರೊಟ್ಟಿ ತಟ್ಟುತ್ತಾ. ಅವರು ನಿಜವಾಗಿಯೂ ಒಳಗೆ ಹೋಗಿ ಪುಸ್ತಕ ತೆರೆದು ನೋಡಿ ಬಂದು, "ಇಲ್ಲ ಕಣಮ್ಮಾ, ಖಚಿತ ಬರೆದವ್ರೆ" ಎಂದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಆದರೆ ಅಪ್ಪಮಗಳಿಗೆ ದಿನವೂ ಜಗಳ ಬರುತ್ತಿದ್ದ ಪದ ಒಂದೇ. ಕೊಪ್ರ. ನಮ್ಮ ಕೊಬ್ಬರಿಯೇ. ಮಲಯಾಳದಿಂದ ಪೋರ್ಚುಗೀಸರ ಹಡಗು ಹತ್ತಿ ಇಂಗ್ಲಿಷಿಗೆ ಹೋಯಿತು ಎಂದು ಡಿಕ್ಷನರಿಯಲ್ಲಿತ್ತು. ಮಾವನವರು ಅದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಪಕ್ಕದಲ್ಲಿ 'ಕಡೂರು' ಎಂದು ಬರೆದಿದ್ದರು.

"ಕೊಪ್ರ?" ಎಂದು ಪುಟ್ಟಿಯೇ ಬೇಕೆಂದು ಕೆಣಕುವಳು.

"ಕಡೂರು."

"ಡಿಕ್ಷನರೀಲಿ ಹಂಗಿಲ್ಲಪ್ಪಾ."

"ಅದನ್ನ ಬರೆದೋನು ಕಡೂರು ನೋಡಿಲ್ಲ ಕಣೇ ಪುಟ್ಟಿ. ಸಾವಿರಗಟ್ಟಲೆ ಮೂಟೆ ಕೊಬ್ಬರಿ ಇಲ್ಲಿಂದ ಹೋಯ್ತು. ನಾನೇ ಬುಕ್ ಮಾಡಿದೀನಿ. ನನ್ನ ಕೈಯಾರೆ ಚೀಟಿ ಅಂಟಿಸಿದೀನಿ. ಅವನು ಅಂಟಿಸಿದ್ನಾ?"

ಈ ವಾದಕ್ಕೆ ಯಾವ ವಿದ್ವಾಂಸ ಉತ್ತರ ಹೇಳಿಯಾನು?

ಇನ್ನೊಂದು ಕತೆಯನ್ನು ಅವರು ನೂರು ಸಲ ಹೇಳಿದ್ದರು. ಅಜ್ಜಂಪುರದಿಂದ ಯಾರೋ ಒಂದು ದೊಡ್ಡ ಬುಟ್ಟಿ ಹಲಸಿನ ಹಣ್ಣನ್ನು ದೂರದ ಊರಿನ ಬೀಗರಿಗೆ ಕಳಿಸಿದರಂತೆ. ಬೀಗರಿಗೆ ಏನು ಮುನಿಸೋ, ಬೇಡವೆಂದು ಹಿಂದಕ್ಕೆ ಕಳಿಸಿದರು. ವಾರದ ನಂತರ ಬುಟ್ಟಿ ವಾಪಸು ಬಂದಾಗ ರೈಲು ಇನ್ನೂ ನಿಲ್ಲುವ ಮೊದಲೇ ವಾಸನೆ ಇಳಿಯಿತು. ಸ್ಟೇಷನ್ ಮಾಸ್ಟರು ಮೂಗು ಮುಚ್ಚಿಕೊಂಡು, ಇದನ್ನು ಇಳಿಸಬೇಡಿ ಎಂದು ಕೂಗಿದರು. ಮಾವನವರು ಕೇಳಲಿಲ್ಲ. "ಬುಕ್ ಮಾಡಿದ ಸ್ಟೇಷನ್ನಿಗೆ ಬ್ಯಾಡ ಅನ್ನೋ ಹಕ್ಕಿಲ್ಲ. ಕೊಳ್ತು ಬರ್ಲಿ, ಒಡೆದು ಬರ್ಲಿ, ಇಳಿಸ್ಕಳ್ಳೇಬೇಕು. ನನ್ನ ಸರ್ವೀಸಿನಾಗೆ ವಾಪಸ್ ಬಂದ ಒಂದು ಸಾಮಾನನ್ನೂ ಪ್ಲಾಟ್‌ಫಾರಮ್ಮಲ್ಲಿ ನೆನೆಯೋಕೆ ಬಿಟ್ಟೋನಲ್ಲ ನಾನು." ಎಂಟು ದಿನ ಅಜ್ಜಂಪುರದ ಸ್ಟೇಷನ್ನಿನಲ್ಲಿ ಜನ ರೈಲಿಗೆ ಕಾಯಲಿಲ್ಲವಂತೆ, ರೈಲೇ ಜನರಿಗೆ ಕಾಯಿತಂತೆ.

ನನಗೆ ಅವರ ಈ ಚೀಟಿಯ ಹುಚ್ಚು ಬೇರೆ ರೀತಿಯಲ್ಲಿ ಅರ್ಥವಾಗುತ್ತಿತ್ತು. ಅವರು ಬುಕಿಂಗ್ ಸ್ಟೇಷನ್ ಎಂದದ್ದನ್ನು ನಾನು ಮನಸ್ಸಿನಲ್ಲಿ ತವರು ಎಂದುಕೊಳ್ಳುತ್ತಿದ್ದೆ. ಹೆಣ್ಣಾದವಳಿಗೆ ಹಾಗಲ್ಲದೆ ಇನ್ನು ಹೇಗೆ ತೋರೀತು? ನನ್ನ ತವರು ಪಂಚನಹಳ್ಳಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಹೋದಳು, ಮದುವೆಯ ವರ್ಷವೇ ಅಪ್ಪನೂ ಹೋದ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುತ್ತಾರೆ. ನನಗೆ ಹೋಗಲು ಮನೆಯೇ ಇರಲಿಲ್ಲ. ಏಳು ತಿಂಗಳಾದಾಗ ಒಳಗೊಳಗೇ ಕೊರಗುತ್ತಿದ್ದೆ. ಮಾವನವರು ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಹಂಡೆಯ ಒಲೆಗೆ ಹೊಸದಾಗಿ ಮಣ್ಣು ಮೆತ್ತುತ್ತಿದ್ದರು. "ಇದ್ಯಾಕೆ ಮಾವ?" ಎಂದೆ. "ಬಾಣಂತಿಗೆ ನೀರು ಕಾಯ್ಬೇಕಲ್ಲಮ್ಮಾ" ಎಂದರು, ತಲೆ ಎತ್ತದೆ.

ನಲವತ್ತು ದಿನ ನಸುಕಿನಲ್ಲೇ ಎದ್ದು ಸೌದೆ ಒಟ್ಟಿ ನೀರು ಕಾಯಿಸಿದವರು ಅವರು. ಪುಟ್ಟಿ ಶಾಲೆಗೆ ಹೋಗುವ ಮುಂಚೆ ನನ್ನ ತಲೆಗೆ ಎಣ್ಣೆ ಒತ್ತಿ, ಹೊಟ್ಟೆಗೆ ಬಟ್ಟೆ ಬಿಗಿದು, ಮಗಳಿಗೆ ಸಾಂಬ್ರಾಣಿ ಹಾಕಿ ಓಡುತ್ತಿದ್ದಳು. ಹದಿನಾರರ ಹುಡುಗಿಯ ಕೈಗೆ ಅಷ್ಟು ಕಸುವು ಎಲ್ಲಿಂದ ಬಂತೋ. ಅಮ್ಮನಿಲ್ಲದವಳಿಗೆ ಶಿವ ಎರಡು ಜೊತೆ ಕೈ ಕೊಟ್ಟ. ಇಂದಿಗೂ ಲಿಂಗಪೂಜೆಗೆ ಕೂತಾಗ ಮೊದಲು ನೆನಪಾಗುವುದು ಆ ಬಿಸಿನೀರು.

ಆ ಪುಟ್ಟಿ ನಾಲ್ಕು ವರ್ಷದ ಮೇಲೆ ಮನೆ ಬಿಟ್ಟು ಹೋದಳು. ಟೈಪಿಂಗ್ ಕಲಿಯಲು ಹೋದಲ್ಲಿ ಪರಿಚಯವಾದ ಹುಡುಗ, ನಮ್ಮ ಜಾತಿಯವನಲ್ಲ. ಅಪ್ಪನನ್ನು ಕೇಳಿದಳು, ಇಲ್ಲವೆಂದರು. ಮತ್ತೆ ಕೇಳಿದಳು, ಇಲ್ಲವೆಂದರು. ಮೂರನೇ ಸಲ ಕೇಳಲಿಲ್ಲ. ಶಿವಮೊಗ್ಗದಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡು ಹುಬ್ಬಳ್ಳಿಗೆ ಹೋದರು. ಅವನಿಗೆ ಅಲ್ಲಿ ಕೆಲಸ.

ಮಾವನವರು ಕೂಗಾಡಲಿಲ್ಲ. ಅದೇ ನನಗೆ ಭಯವಾದದ್ದು. ಪುಟ್ಟಿ ಎಂಬ ಹೆಸರನ್ನೇ ನುಂಗಿಬಿಟ್ಟರು. ಎದುರು ಮನೆಯವರು, ಹಾಲಿನವನು, ಕ್ಷೌರದವನು, ಸಿಕ್ಕವರಿಗೆಲ್ಲ ಪದಗಳ ಊರು ಹೇಳುವುದನ್ನು ಇಮ್ಮಡಿ ಮಾಡಿದರು. ಅದರ ಮಧ್ಯೆ ಯಾರಾದರೂ, "ನಿಮ್ಮ ಮಗಳು ಎಲ್ಲವ್ಳೆ ಸ್ವಾಮೀ?" ಎಂದರೆ ಪುಸ್ತಕ ಮುಚ್ಚಿ ಒಳಗೆ ಬರುವರು. ಅಳಿಯ ಎನಿಸಿಕೊಂಡವನಿಂದ ಒಂದು ಕಾಗದ ಬಂತು. ಒಡೆಯಲೂ ಇಲ್ಲ. ಲಕೋಟೆಯ ಮೇಲೆ ಅದೇ ಕೆಂಪು ಪೆನ್ಸಿಲಿನಿಂದ, ಪಾರ್ಸಲ್ಲಿಗೆ ಬರೆಯುವ ಹಾಗೆ 'ತಿರಸ್ಕೃತ' ಎಂದು ಬರೆದು, ಕೆಳಗೆ ರುಜು ಹಾಕಿ, ಅಂಚೆಯವನ ಕೈಗೆ ವಾಪಸು ಕೊಟ್ಟರು. ರುಜು ಏಕೆ ಮಾವ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಾಕಿತೋ ಏನೋ.

ಎರಡು ವರ್ಷ ಕಳೆಯಿತು. ಆಮೇಲೆ ಪುಟ್ಟಿಯೇ ನಮ್ಮ ಮನೆಯವರ ಆಫೀಸಿಗೆ ಒಂದು ಕಾಗದ ಬರೆದಳು. ಏಳು ತಿಂಗಳಂತೆ. ಅವನ ತಾಯಿ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವ ಹೆಂಗಸರು ಬೇರೆ ಯಾರೂ ಇಲ್ಲ. "ಅಪ್ಪ ಒಂದು ಸಲ ಬಾ ಅಂದರೆ ಸಾಕು ಅತ್ತಿಗೆ, ಹಿತ್ತಲ ಬಾಗಿಲಿಂದಲೇ ಬರುತ್ತೇನೆ" ಎಂದು ನನಗೆಂದು ಕೊನೆಯಲ್ಲಿ ಬರೆದಿದ್ದಳು.

ನಮ್ಮ ಮನೆಯವರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀನೇ ಹೇಳೇ, ನಿನ್ನ ಮಾತು ಕೇಳ್ತಾರೆ" ಎಂದರು. ಗಂಡಸರಿಗೆ ಇಂಥ ಸಮಯದಲ್ಲಿ ನಮ್ಮ ಮೇಲೆ ಬಹಳ ನಂಬಿಕೆ.

ಹೇಗೆ ಶುರುಮಾಡುವುದೆಂದು ಮೂರು ದಿನ ಯೋಚಿಸಿದೆ. ಆ ವಾರ ಇವರು ಶಿವಮೊಗ್ಗಕ್ಕೆ ಹೋದವರು ನನಗೆಂದು ಒಂದು ಶಾಂಪೂ ಬಾಟಲಿ ತಂದಿದ್ದರು. ಸೀಗೆಪುಡಿಯವಳಾದ ನನಗೆ ಅದನ್ನು ಹೇಗೆ ಹಚ್ಚುವುದೆಂದೇ ತಿಳಿಯದು. ಅದನ್ನು ಹಿಡಿದು ಮಾವನವರ ಎದುರು ನಿಂತೆ.

"ಇದರ ಊರು ಯಾವುದು ಮಾವ?"

ಬಹಳ ದಿನದ ಮೇಲೆ ಅವರ ಮುಖ ಅರಳಿತು. "ನಮ್ಮದೇ ಕಣಮ್ಮಾ. ಹಿಂದಿಯೋರ ಚಾಂಪೋ. ಒತ್ತು ಅಂತ ಅರ್ಥ. ಎಣ್ಣೆ ಹಚ್ಚಿ ತಲೆ ಒತ್ತೋದಿಲ್ವಾ, ಅದು. ಇಂಗ್ಲಿಷ್‌ನೋರು ಮಾತು ತಗಂಡು ಹೋದ್ರು, ಒತ್ತೋ ಕೈ ಇಲ್ಲೇ ಬಿಟ್ರು. ಈಗ ಬಾಟ್ಲೀಲಿ ನೊರೆ ತುಂಬಿ ಕಳ್ಸವ್ರೆ."

"ಅಂದ್ರೆ ಹೋದೋಳು ವಾಪಸ್ ಬಂದ್ಲು ಅನ್ನಿ."

"ಹ್ಞೂಂ. ಆದ್ರೆ ಗುರುತು ಸಿಗ್ತದಾ?"

"ಗುರುತು ಸಿಗದಿದ್ರೂ ನೀವು ನಮ್ಮದೇ ಅಂದ್ರಲ್ಲ ಮಾವ."

ಅವರು ನನ್ನ ಮುಖ ನೋಡಿದರು. ದಡ್ಡರಲ್ಲ. ನಾನು ಹೇಳಿಬಿಟ್ಟೆ. "ಪುಟ್ಟಿಗೆ ಏಳು ತಿಂಗಳು. ಬತ್ತೀನಿ ಅಂತ ಕೇಳವ್ಳೆ. ಬುಕ್ ಮಾಡಿದ ಸ್ಟೇಷನ್ನಿಗೆ ಬ್ಯಾಡ ಅನ್ನೋ ಹಕ್ಕಿಲ್ಲ ಅಂತಿದ್ರಿ ನೀವು."

ಅವರು ಬಾಟಲಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. "ಅದು ಸಾಮಾನಿಗೆ ಕಣಮ್ಮಾ" ಎಂದು ಎದ್ದು ಹೋದರು.

ಇದಾದ ಮೇಲೆ ನಾನು ಇನ್ನೊಂದು ಸಲ ಕೇಳಬಹುದಿತ್ತು. ಮಠಕ್ಕೆ ಹೋಗಿ ಸ್ವಾಮಿಗಳ ಬಾಯಲ್ಲಿ ಹೇಳಿಸಬಹುದಿತ್ತು. ನಾನೇ ಹುಬ್ಬಳ್ಳಿಗೆ ಹೋಗಿ ನಿಲ್ಲಬಹುದಿತ್ತು. ಬೀರೂರು ದಾಟಿ ಒಬ್ಬಳೇ ಹೋದವಳಲ್ಲ, ಮಗಳಿಗೆ ಗೂರಲು, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ... ಕಾರಣಗಳಿಗೆ ಬರವೇ? ಇನ್ನೂ ಎರಡು ತಿಂಗಳಿದೆಯಲ್ಲ, ಅಷ್ಟರಲ್ಲಿ ಮನಸ್ಸು ಕರಗೀತು ಎಂದುಕೊಂಡೆ. ಸೋಮವಾರದ ಉಪವಾಸ ಹಿಡಿದೆ. ದೇವರ ಮೇಲೆ ಭಾರ ಹಾಕುವುದು ಸುಲಭ. ರೈಲು ಹತ್ತುವುದು ಕಷ್ಟ.

ಒಂದು ಮಧ್ಯಾಹ್ನ ಅಂಚೆಯವನು ಒಂದು ಕಾರ್ಡು ತಂದ. ಕಾರ್ಡಿಗೆ ಲಕೋಟೆ ಇರುವುದಿಲ್ಲ, ಒಡೆಯದೆ ವಾಪಸು ಕೊಡಲು ಬರುವುದಿಲ್ಲ. ಮಾವನವರು ಜಗಲಿಯ ಮೇಲಿದ್ದರು, ಅವರ ಕೈಗೇ ಬಂತು. ಅಳಿಯ ಮೂರೇ ಸಾಲು ಬರೆದಿದ್ದ. ದಿನ ತುಂಬುವ ಮೊದಲೇ ನೋವು ಬಂತು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಹೊರತು ಯಾರೂ ಇರಲಿಲ್ಲ, ಆಸ್ಪತ್ರೆಗೆ ಸೇರಿಸುವಾಗ ಹೊತ್ತಾಗಿತ್ತು. ಹೆಣ್ಣು ಮಗು. ಉಸಿರಾಡಲಿಲ್ಲ. ಪುಟ್ಟಿ ಜೀವದಿಂದಿದ್ದಾಳೆ.

ಮಾವನವರು ಕಾರ್ಡನ್ನು ಎರಡು ಸಲ ಓದಿ ಕಂಬದ ಪಕ್ಕ ಇಟ್ಟರು. ಎದುರು ಮನೆಯವರು ದಾರಿಯಲ್ಲಿ ಹೋಗುತ್ತಾ, "ಏನ್ ಸ್ವಾಮೀ, ಇವತ್ತು ಯಾವ ಪದ?" ಎಂದರು. ಮಾವನವರು ಬಾಯಿ ತೆರೆದರು. ಏನೂ ಬರಲಿಲ್ಲ. ಎಷ್ಟು ಪದಗಳು ಗೊತ್ತಿದ್ದ ಮನುಷ್ಯ!

ಮಾರನೇ ದಿನ ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆಯಿಂದ ಹಳೆಯ ರೈಲ್ವೆ ಕೋಟು ತೆಗೆದು ಹಾಕಿಕೊಂಡು ನಿಂತಿದ್ದಾರೆ. ಗುಂಡಿಗಳು ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಕೈಯಲ್ಲಿ ಒಂದು ಚೀಲ, ಅದರಲ್ಲಿ ನನ್ನ ಬಾಣಂತನದಲ್ಲಿ ಹೊದ್ದಿದ್ದ ಕಂಬಳಿ. ನಮ್ಮ ಮನೆಯವರು, "ನಾನೂ ಬತ್ತೀನಪ್ಪಾ" ಎಂದರು.

"ಬ್ಯಾಡ ಕಣೋ. ನಾನು ವಾಪಸ್ ಮಾಡಿದ್ದು. ನಾನೇ ಇಳಿಸ್ಕಬೇಕು."

ನನ್ನ ಕಡೆ ತಿರುಗಿ, "ತೊಟ್ಟಿಲು ಅಟ್ಟಕ್ಕೆ ಹಾಕಿದೀನಮ್ಮಾ. ಕೆಳಗೆ ಇಳಿಸಬ್ಯಾಡ" ಎಂದು ಹೇಳಿ ಸ್ಟೇಷನ್ನಿಗೆ ನಡೆದರು.

ನಾಲ್ಕನೇ ದಿನ ಕರೆದುಕೊಂಡು ಬಂದರು. ಮುಂಬಾಗಿಲಿನಿಂದಲೇ. ಅಳಿಯನೂ ಜೊತೆಗಿದ್ದ. ಕೆಲಸಕ್ಕೆ ರಜೆಯಿಲ್ಲವೆಂದು ಒಂದು ಹೊತ್ತು ಉಂಡು ವಾಪಸು ಹೋದ. ಮಾವನವರು ಅವನ ಜೊತೆ ಮಾತಾಡಲಿಲ್ಲ, ಆದರೆ ಅವನ ಎಲೆಗೆ ಎರಡನೇ ಸಲ ತುಪ್ಪ ಹಾಕು ಎಂದು ನನಗೆ ಕಣ್ಣಿನಲ್ಲೇ ತೋರಿಸಿದರು. ಅಷ್ಟನ್ನು ಶಿವ ನಡೆಸಿಕೊಟ್ಟ ಎಂದುಕೊಂಡೆ. ಆದರೆ ಮಗಳ ಜೊತೆಗೂ ಮಾತಿಲ್ಲ. ದಾರಿಯುದ್ದಕ್ಕೂ ಆಡಲಿಲ್ಲವಂತೆ. ಪುಟ್ಟಿಯೂ ಆಡಲಿಲ್ಲ. ಅವಳು ಕಂಬಳಿ ಹೊದ್ದು ಗೋಡೆಯ ಕಡೆಗೆ ಮುಖಮಾಡಿ ಮಲಗಿದಳು.

ಅವತ್ತೇ ಸಂಜೆ ಮಾವನವರು ಪೇಟೆಗೆ ಹೋಗಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಒಂದು ಎಲೆಯ ಪೊಟ್ಟಣ ಇಟ್ಟರು. ಬಿಡಿಸಿದರೆ ಒಂದು ರಾಶಿ ಮಲ್ಲಿಗೆ. ನಾನು ದೇವರಿಗೆಂದು ತೆಗೆದುಕೊಳ್ಳಹೋದೆ.

"ದೇವರಿಗಲ್ಲ ಕಣಮ್ಮಾ" ಎಂದರು ಅತ್ತ ನೋಡುತ್ತಾ. "ಎದೆಗೆ ಕಟ್ಟು. ಹಾಲು ಇಂಗ್ತದೆ. ನಿಮ್ಮತ್ತೆಗೆ ಮೊದಲನೇದು ಹೋದಾಗ ಕಟ್ಟಿದ್ರು."

ಅವರಿಗೆ ಮೊದಲು ಒಂದು ಮಗು ಹೋಗಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಒಳಗೆ ಹೋಗಿ ಕಟ್ಟಿದೆ. ಪುಟ್ಟಿಯ ರವಿಕೆ ಒದ್ದೆಯಾಗಿತ್ತು. ಕೋಣೆಯ ತುಂಬ ಮದುವೆ ಮನೆಯ ವಾಸನೆ.

ಮರುದಿನ ನಸುಕಿನಲ್ಲಿ ಹಿತ್ತಲಲ್ಲಿ ಸೌದೆ ಸೀಳುವ ಸದ್ದು. ಹಂಡೆಯ ಒಲೆಗೆ ಮತ್ತೆ ಹೊಸ ಮಣ್ಣು ಮೆತ್ತಿತ್ತು. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ಬಗ್ಗಿ ನೋಡಿ, "ಮಗು ಇಲ್ದ ಮೇಲೆ ಬಾಣಂತನ ಎಂಥದ್ದು ಸ್ವಾಮೀ?" ಎಂದಳು. ಕೆಟ್ಟ ಹೆಂಗಸಲ್ಲ, ಬಾಯಿ ಸ್ವಲ್ಪ ಮುಂದು.

"ಹಡೆದೋಳು ಹಡೆದೋಳೇ ಕಣಮ್ಮಾ" ಎಂದರು ಮಾವನವರು. "ನಲವತ್ತು ದಿನಾನೂ ಆಗ್ಬೇಕು."

ಆಯಿತು. ಮೆಣಸು ಬೆಳ್ಳುಳ್ಳಿ ಸಾರು, ಹೊಟ್ಟೆಗೆ ಬಟ್ಟೆ, ತಲೆಗೆ ಕಟ್ಟು, ಸಾಂಬ್ರಾಣಿ ಹೊಗೆ. ಒಂದನ್ನೂ ಬಿಡಲಿಲ್ಲ. ಅವಳು ನನಗೆ ಒತ್ತಿದ ಹಾಗೆಯೇ ನಾನು ಅವಳ ತಲೆಗೆ ಎಣ್ಣೆ ಒತ್ತಿದೆ. ಶಾಂಪೂ ಬಾಟಲಿ ಗೂಡಿನಲ್ಲಿ ಹಾಗೆಯೇ ಇತ್ತು. ಮೊದಲ ಹತ್ತು ದಿನ ಅವಳು ಒಂದು ಮಾತೂ ಆಡಲಿಲ್ಲ. ಕೂರಿಸಿದ ಕಡೆ ಕೂತಳು, ಎಬ್ಬಿಸಿದಾಗ ಎದ್ದಳು. ಬಚ್ಚಲಿನ ಗೋಡೆಯ ಆಚೆ ಮಾವನವರು ಒಲೆಗೆ ಸೌದೆ ತಳ್ಳುತ್ತಾ ಕೂತಿರುವರು. ಗೋಡೆ ಮೊಳದಷ್ಟು ದಪ್ಪ. ಈ ಕಡೆ ಮಗಳು, ಆ ಕಡೆ ಅಪ್ಪ, ಮಧ್ಯೆ ಕೊತಕೊತ ಕುದಿಯುವ ನೀರು. ಅವರು ಕೆಮ್ಮಿದರೆ ಇವಳ ಬೆನ್ನು ಬಿಗಿಯಾಗುವುದು ನನ್ನ ಕೈಗೆ ತಿಳಿಯುತ್ತಿತ್ತು. ಇವಳನ್ನು ಮನೆಗೇನೋ ತಂದರು, ಆದರೆ ಈ ಇಬ್ಬರೂ ಹೀಗೆಯೇ ಉಳಿದುಬಿಟ್ಟರೆ ಏನು ಗತಿ ಶಿವನೇ ಎಂದು ಪ್ರತಿ ಚೊಂಬಿಗೂ ಕೇಳಿಕೊಂಡೆ.

ಹನ್ನೊಂದನೆಯ ದಿನವೋ ಹನ್ನೆರಡನೆಯದೋ. ತಲೆಗೆ ಎಣ್ಣೆ ಒತ್ತುತ್ತಿದ್ದೆ. ಪುಟ್ಟಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಬಾಯಿ ತೆರೆದಳು. ದನಿ ಒಡೆದಿತ್ತು.

"ಅಪ್ಪಾ."

ಗೋಡೆಯ ಆಚೆ ಸೌದೆ ತಳ್ಳುವ ಸದ್ದು ನಿಂತಿತು.

"ಕೊಪ್ರ?"

ನನ್ನ ಕೈಯೂ ನಿಂತಿತು. ಒಲೆಯಲ್ಲಿ ಹಸಿ ಸೌದೆ ಚಿಟಚಿಟ ಎಂದಿತು. ಅವರು ಎದ್ದು ಹೋದರೇನೋ ಎಂದುಕೊಂಡೆ.

"ಕಡೂರು" ಎಂದರು.

"ಡಿಕ್ಷನರೀಲಿ ಹಂಗಿಲ್ಲಪ್ಪಾ."

"ಅದನ್ನ ಬರೆದೋನು..." ಎಂದು ಶುರುಮಾಡಿ ಒಂದು ಸೌದೆಯನ್ನು ಒಲೆಗೆ ತಳ್ಳಿದರು. "ಅದನ್ನ ಬರೆದೋನು ಕಡೂರು ನೋಡಿಲ್ಲ ಕಣೇ ಪುಟ್ಟಿ."

ಎರಡು ವರ್ಷ ನುಂಗಿಕೊಂಡಿದ್ದ ಹೆಸರು. ಆಮೇಲೆ, "ನೀರು ಬಿಸಿ ಸಾಕಾ? ಇನ್ನೊಂದು ಸೌದೆ ಹಾಕ್ಲಾ?" ಎಂದು ಕೇಳಿದರು. ಪುಟ್ಟಿ ಬಿಕ್ಕತೊಡಗಿದಳು. ಅವಳ ಭುಜ ನನ್ನ ಕೈಯ ಕೆಳಗೆ ಅದುರುತ್ತಿತ್ತು. ಗೋಡೆಯ ಆಚೆಯಿಂದಲೂ ಅಂಥದ್ದೇ ಏನೋ ಕೇಳಿಸತೊಡಗಿತು.

ನಾನು ಚೊಂಬು ತೆಗೆದುಕೊಂಡು ನೀರನ್ನು ಜೋರಾಗಿಯೇ ಸುರಿದೆ. ಒಬ್ಬರು ಅಳುವುದು ಇನ್ನೊಬ್ಬರಿಗೆ ಕೇಳಿಸಬಾರದಲ್ಲ. ಹಂಡೆ ತುಂಬ ನೀರಿತ್ತು. ಸಾಕಾಗುವಷ್ಟು ಇತ್ತು, ಶಿವನ ದಯೆ.